ಕೂಣಿ ಹಿಡಿದು ಕೆರೆಗಿಳಿದರೆ

ಸಿಂಗಸಂದ್ರ, ಬೊಮ್ಮಸಂದ್ರ ಎಂಬ ಹೆಸರುಗಳ ಕೊನೆಗಿರುವ 'ಸಂದ್ರ' ಎಂದರೆ ಸಮುದ್ರ. ಹಿಂದಿನವರ ಮಾತಿನಲ್ಲಿ ಸಮುದ್ರವೆಂದರೆ ದೊಡ್ಡ ಕೆರೆ. ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆಂದು ಬಂದು ಸಿಂಗಸಂದ್ರದ ಬಾಡಿಗೆ ಮನೆಗಳಲ್ಲಿರುವ ಸೊರಬ, ಸಾಗರ, ಸಿದ್ದಾಪುರದ ಕಡೆಯವರಿಗೆ ಕೆರೆಯೆಂದರೆ ನೆನಪಾಗುವುದು ಬೇರೆಯದೇ ಚಿತ್ರ. ಬೇಸಿಗೆಯಲ್ಲಿ ಊರಿನಿಂದ "ಭಾನುವಾರ ಕೆರೆಬೇಟೆ, ಬರ್ತೀಯೇನೋ?" ಎಂದು ಫೋನು ಬಂದರೆ ಮನಸ್ಸು ಆಗಲೇ ಬಸ್ಸು ಹತ್ತಿರುತ್ತದೆ.

ಕೆರೆಬೇಟೆ ಮಲೆನಾಡಿನ ಸಾಮೂಹಿಕ ಮೀನುಶಿಕಾರಿ. ಮಳೆಗಾಲದಲ್ಲಿ ತುಂಬಿದ ಕೆರೆ ಗದ್ದೆ ತೋಟಗಳಿಗೆ ನೀರುಣಿಸಿ, ಬೇಸಿಗೆಯ ಹೊತ್ತಿಗೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಆಗ ಊರಿನ ಹಿರಿಯರು ಕೂತು ದಿನ ಗೊತ್ತು ಮಾಡುತ್ತಾರೆ. ಅಲ್ಲಿಯವರೆಗೆ ಆ ಕೆರೆಗೆ ಯಾರೂ ಬಲೆ ಹಾಕುವಂತಿಲ್ಲ. ಸುತ್ತಲ ಹಳ್ಳಿಗಳಿಗೆ ಸುದ್ದಿ ಮುಟ್ಟುತ್ತದೆ. ಬಂದವರು ಒಂದು ಕೂಣಿಗೆ ಇಂತಿಷ್ಟು ಎಂದು ಹಣ ಕಟ್ಟಬೇಕು. ಅದು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸೇರುತ್ತದೆ.

ಕೂಣಿ ಬಿದಿರಿನ ಕಡ್ಡಿಗಳನ್ನು ನೇಯ್ದು ಮಾಡಿದ್ದು. ಬುಡ ಅಗಲ, ತಲೆ ಕಿರಿದು, ಎರಡೂ ಕಡೆ ಬಾಯಿ. ಏರಿಯ ಮೇಲೆ ನೂರಾರು ಜನ ಕೂಣಿ ಹಿಡಿದು ಕಾಯುತ್ತಾರೆ. ಸೂಚನೆ ಸಿಕ್ಕಿದ್ದೇ ತಡ, ಕೇಕೆ ಹಾಕುತ್ತಾ ಒಟ್ಟಿಗೇ ನೀರಿಗಿಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತಬೇಕು. ಒಳಗೆ ಮೀನು ಸಿಕ್ಕಿದ್ದರೆ ಅದು ಕಡ್ಡಿಗೆ ಬಡಿದದ್ದು ಅಂಗೈಗೆ ತಿಳಿಯುತ್ತದೆ. ಮೇಲಿನ ಕಿರುಬಾಯಿಯಿಂದ ಕೈ ಇಳಿಸಿ, ತಡವಿ, ಹಿಡಿದು ಎತ್ತಬೇಕು. ಕಾಟ್ಲಾ, ರೋಹು ಆದರೆ ಸರಿ. ಕೊರವವೋ ಹಾವುಮೀನೋ ಆದರೆ ಜಾರಿಹೋಗುವುದೇ ಹೆಚ್ಚು.

ಈ ಬೇಟೆಯ ಗುಟ್ಟು ಕೂಣಿಗಿಂತಲೂ ಜನರಲ್ಲಿದೆ. ಒಬ್ಬನೇ ಇಳಿದರೆ ಮೀನು ಆಚೆ ದಡಕ್ಕೆ ಓಡುತ್ತದೆ. ನೂರಾರು ಕಾಲುಗಳು ತುಳಿದಾಗ ಕೆಸರು ಕದಡಿ, ಉಸಿರುಗಟ್ಟಿದ ಮೀನು ಮೇಲಕ್ಕೆ ಬರುತ್ತದೆ. ಪಕ್ಕದವನು ಬೆದರಿಸಿದ್ದು ನಿಮ್ಮ ಕೂಣಿಯಡಿಗೆ ಬೀಳುತ್ತದೆ. ಎಲ್ಲರೂ ಇಳಿದರೆ ಮಾತ್ರ ಎಲ್ಲರಿಗೂ ಸಿಗುವ ಬೇಟೆ ಇದು. ಇದಕ್ಕಿಂತ ಜಾಣ ಕಟ್ಟುಪಾಡನ್ನು ಕಾಣುವುದು ಕಷ್ಟ.

ಆ ರಾತ್ರಿ ಊರಿನ ಮನೆಗಳಲ್ಲಿ ವಾಟೆಹುಳಿ ಹಾಕಿದ ಮೀನುಸಾರಿನ ಘಮ. ನೆಂಟರು ಬಂದಿರುತ್ತಾರೆ, ಬರಿಗೈಯಲ್ಲಿ ಮರಳಿದವರ ಮನೆಗೂ ಪಾಲು ಹೋಗುತ್ತದೆ. 2024ರಲ್ಲಿ ತೆರೆಕಂಡ, ರಾಜ್‌ಗುರು ನಿರ್ದೇಶನದ 'ಕೆರೆಬೇಟೆ' ಚಿತ್ರ ಈ ಲೋಕವನ್ನು ಹೊರಗಿನವರಿಗೂ ತೋರಿಸಿತು.

ಕರಾವಳಿಯದು ಇನ್ನೊಂದು ಬಗೆ. ಸುರತ್ಕಲ್ ಬಳಿಯ ಚೇಳಾಯರು ಖಂಡಿಗೆಯಲ್ಲಿ ಮೇ ತಿಂಗಳ ಸಂಕ್ರಮಣದಂದು ಧರ್ಮರಸು ಉಳ್ಳಾಯ ದೈವಕ್ಕೆ ಪ್ರಾರ್ಥನೆ ಸಲ್ಲಿಸಿದ ಮೇಲೆ ಜನ ನಂದಿನಿ ನದಿಗೆ ಇಳಿಯುತ್ತಾರೆ. ಹಿಡಿದ ಮೀನು ಅವರಿಗೆ ಪ್ರಸಾದ.

ದೂರದ ದೇಶಗಳಲ್ಲೂ ಇಂಥದ್ದುಂಟು. ಮಾಲಿ ದೇಶದ ಸಾನ್‌ಕೆ ಮೋನ್ ಎಂಬ ಸಾಮೂಹಿಕ ಮೀನುಗಾರಿಕೆಯನ್ನು ಯುನೆಸ್ಕೊ 2009ರಲ್ಲಿ, ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕೆನಡಾದ ಉತ್ತರದಲ್ಲಿ ಇನುಯಿಟ್ ಜನ ವಸಂತದಲ್ಲಿ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು, ಗಾಳ ಇಳಿಬಿಟ್ಟು ಪಂದ್ಯ ಆಡುತ್ತಾರೆ. ದೊಡ್ಡ ಮೀನಿಗೆ ಬಹುಮಾನ, ಊರಿಗೆಲ್ಲ ಊಟ. ಅವರ ಇಕಾಲುಯಿಟ್ ಪಟ್ಟಣದ ಹೆಸರಿನ ಅರ್ಥವೇ ಮೀನು ಹೇರಳವಾಗಿರುವ ಜಾಗ. ಸಂದ್ರಗಳ ಊರಿನವರಿಗೆ ಇದು ಪರಕೀಯವೆನಿಸಬಾರದು.

ಆದರೆ ನೀರು ಚೆನ್ನಾಗಿದ್ದರೆ ಮಾತ್ರ ಇದೆಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನಂದಿನಿಗೆ ಕೊಳಚೆ ಸೇರುತ್ತಿದೆ ಎಂದು ಅಲ್ಲಿಯ ಜನ ದೂರುತ್ತಿದ್ದಾರೆ. ಮಲೆನಾಡಿನಲ್ಲೂ ಹೂಳು, ಜೊಂಡು ತುಂಬಿದ ಕೆರೆಗಳಿಗೆ ಕೊರತೆಯಿಲ್ಲ. ಬೇಟೆಗೆಂದು ಹಿಂದಿನ ರಾತ್ರಿಯೇ ಬಸ್ಸು ಹಿಡಿದು ಊರಿಗೆ ಓಡುವವರು ಕೆರೆಯ ಹೂಳೆತ್ತುವ ದಿನವೂ ಒಮ್ಮೆ ರಜೆ ಹಾಕಿ ಹೋಗಬೇಕು.