ಹಳೇ ಗಾಡಿಗೆ ಹೊಸ ಕಾರ್ಬೇಟರ್

ನಮ್ಮ ಮಾಗನೂರಿನಲ್ಲಿ ನನ್ನ ಸೋದರಮಾವನ ಹತ್ತಿರ ಒಂದು ಯೆಜ್ಡಿ ಗಾಡಿ ಇದೆ. ಎತ್ತಿನ ಮೇಲೆ ಇರುವಷ್ಟೇ ಪ್ರೀತಿ ಮಾವನಿಗೆ ಅದರ ಮೇಲೆ. ಹತ್ತಿ ಬೀಜ ತರಬೇಕೇ? ಯೆಜ್ಡಿ. ಮಕ್ತಲ್‌ಗೆ ಹೋಗಬೇಕೇ? ಯೆಜ್ಡಿ. ಕೃಷ್ಣಾ ಹೊಳೆ ದಾಟಿ ರಾಯಚೂರಿಗೆ ಹೋಗಬೇಕೆಂದರೂ ಅದೇ ಗಾಡಿ.

ಎರಡು ವರ್ಷದ ಹಿಂದೆ ಗಾಡಿ ಸತಾಯಿಸತೊಡಗಿತು.

"ಅಳಿಯಾ, ಗಾಡಿ ಮೊದಲಿನಂಗ ಎಳೀವಲ್ದು. ರೇಸ್ ಬಿಟ್ರ ಬಂದ್ ಆಗ್ತದ. ಪೆಟ್ರೋಲ್ ಅಂತೂ ನೀರು ಕುಡದಂಗ ಕುಡೀತದ" ಎಂದರು ಮಾವ.

ಲೀಟರಿಗೆ 30 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 19ಕ್ಕೆ ಇಳಿದಿತ್ತು. ಯಾರೋ ಹೇಳಿದರು, ಕಾರ್ಬೇಟರ್ ಬದಲಿಸಿ ಅಂತ. ಮಾವ ಒಂದು ಅಂಗಡಿಗೆ ಹೋದರು. ಅಂಗಡಿಯವನು, "ಇದಕ್ಕಿಂತ ದೊಡ್ಡದು ಹಾಕ್ತೀನಿ, ಗಾಡಿ ಬಾಣ ಬಿಟ್ಟಂಗ ಹೋಗ್ತದ" ಎಂದ. 2,500 ರೂಪಾಯಿ ತೆಗೆದುಕೊಂಡ. ಮಾವ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟರು. ದಾರಿ ಅರ್ಧ ಆಗಿತ್ತು. ಎಂಜಿನ್ ಒಮ್ಮೆಲೇ ಜಾಮ್ ಆಯಿತು. ಹಿಂದಿನ ಗಾಲಿ ತಿರುಗುವುದು ನಿಂತು ಗಾಡಿ ಜಾರಿತು. ಅತ್ತೆಯ ಮೊಣಕೈ ಕೆತ್ತಿಹೋಯಿತು. ಹಿಂದೆ ಲಾರಿ ಇರಲಿಲ್ಲ, ಪುಣ್ಯ.

ಮುಂದೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಮತ್ತೆ 4,000 ಹೋಯಿತು. ಹತ್ತಿ ಮಾರಿದ ರೊಕ್ಕ ಅದು.

ಹೊಸ ಸಾಮಾನು ಹಾಕಿದ ಮೇಲೆ ಗಾಡಿ ಕೆಟ್ಟಿದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಕಾರ್ಬುರೇಟರ್ ಏನು ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯಬೇಕು. ನಮ್ಮ ಕಡೆ ಅದನ್ನೇ ಕಾರ್ಬೇಟರ್ ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಒಲೆಯೂ ಎಂಜಿನ್ನೂ

ನೀವು ಒಲೆ ಹಚ್ಚುತ್ತೀರಿ. ಕಟ್ಟಿಗೆ ತುಂಬಾ ತುರುಕಿದರೆ ಏನಾಗುತ್ತದೆ? ಗಾಳಿ ಆಡುವುದಿಲ್ಲ. ಹೊಗೆ ತುಂಬುತ್ತದೆ, ಪಾತ್ರೆಗೆ ಮಸಿ ಹತ್ತುತ್ತದೆ. ಎಂಜಿನ್ ಒಳಗೂ ಹೀಗೇ. ಅಲ್ಲಿ ಕಟ್ಟಿಗೆಯ ಬದಲು ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಸುಮಾರು 9 ಸಾವಿರ ಲೀಟರ್! ತೂಕದಲ್ಲಿ ಹೇಳುವುದಾದರೆ ಒಂದು ಕಿಲೋ ಪೆಟ್ರೋಲಿಗೆ ಹತ್ತಿರ ಹತ್ತಿರ 15 ಕಿಲೋ ಗಾಳಿ. ಈ ಅಳತೆಯಲ್ಲಿ ಎರಡನ್ನೂ ಬೆರೆಸಿ ಕೊಡುವುದೇ ಕಾರ್ಬೇಟರ್ ಕೆಲಸ.

ಅದರ ಕೆಳಗೆ ಒಂದು ಬಟ್ಟಲು ಇದೆ. ಟ್ಯಾಂಕಿನಿಂದ ಪೆಟ್ರೋಲು ಇಳಿದು ಅದರಲ್ಲಿ ನಿಲ್ಲುತ್ತದೆ. ಬಟ್ಟಲು ತುಂಬಿದಾಗ ಒಳಗಿನ ತೇಲುಬುರುಡೆ ಮೇಲೆದ್ದು ದಾರಿ ಮುಚ್ಚುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಇರುವ ಬಾಲ್‌ಕಾಕ್ ಹಾಗೆ. ಬಟ್ಟಲಿನ ಮೇಲೆ ಒಂದು ಕೊಳವೆ. ಗಾಳಿ ಈ ಕೊಳವೆಯಲ್ಲಿ ಹಾದು ಎಂಜಿನ್‌ಗೆ ಹೋಗುತ್ತದೆ. ಕೊಳವೆ ನಡುವೆ ಸಣ್ಣದಾಗಿದೆ. ಕಾಲುವೆ ಸಣ್ಣದಾದ ಜಾಗದಲ್ಲಿ ನೀರು ಜೋರಾಗಿ ಓಡುವುದನ್ನು ನೀವು ಹೊಲದಲ್ಲಿ ನೋಡಿದ್ದೀರಿ. ಗಾಳಿಯೂ ಹಾಗೆ ಜೋರಾಗಿ ಓಡುತ್ತದೆ. ಜೋರಾಗಿ ಓಡುವ ಗಾಳಿಯ ಒತ್ತಡ ಕಡಿಮೆ ಆಗುತ್ತದೆ. ಆಗ ಕೆಳಗಿನ ಬಟ್ಟಲಿನ ಪೆಟ್ರೋಲು ಮೇಲೆ ಎಳೆದುಕೊಂಡು ಬಂದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ.

ಪೆಟ್ರೋಲು ಮೇಲೆ ಬರುವ ದಾರಿಯಲ್ಲಿ ಹಿತ್ತಾಳೆಯ ಸಣ್ಣ ತುಂಡುಗಳಿವೆ. ಅವೇ ಜೆಟ್. ಅದರ ತೂತು ಸೂಜಿಯ ಮೊನೆಯಷ್ಟು. ಗಾಡಿ ನಿಂತಲ್ಲೇ ಓಡುವಾಗ ಮತ್ತು ನಿಧಾನ ಹೋಗುವಾಗ ಸಣ್ಣ ಜೆಟ್ ಕೆಲಸ ಮಾಡುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಮೇನ್ ಜೆಟ್. ನಡುವೆ ಒಂದು ಉದ್ದನೆ ಸೂಜಿ ಅಳತೆ ನೋಡಿಕೊಳ್ಳುತ್ತದೆ.

ದೊಡ್ಡದು ಹಾಕಿದರೆ ಏನಾಗುತ್ತದೆ?

ಈಗ ಮಾವನ ಗಾಡಿಗೆ ಬರೋಣ. ಅಂಗಡಿಯವನು ದೊಡ್ಡ ಬಾಯಿಯ ಕಾರ್ಬೇಟರ್ ಹಾಕಿದ. ಎಂಜಿನ್ ಮಾತ್ರ ಹಳೆಯದೇ. ಅದು ಎಳೆದುಕೊಳ್ಳುವ ಗಾಳಿಯೂ ಅಷ್ಟೇ. ಕಾಲುವೆ ಅಗಲ ಮಾಡಿ ಅಷ್ಟೇ ನೀರು ಬಿಟ್ಟರೆ ನೀರು ನಿಧಾನ ಹರಿಯುವುದಿಲ್ಲವೇ? ಇಲ್ಲೂ ಗಾಳಿ ನಿಧಾನ ಆಯಿತು. ಪೆಟ್ರೋಲನ್ನು ಮೇಲೆ ಎಳೆಯುವ ಶಕ್ತಿ ಕಡಿಮೆ ಆಯಿತು. ಸಾಲದ್ದಕ್ಕೆ ಅದರಲ್ಲಿ ಇದ್ದ ಮೇನ್ ಜೆಟ್ ಬೇರೆ ಯಾವುದೋ ಸಣ್ಣ ಗಾಡಿಯದು.

ಯೆಜ್ಡಿಯಲ್ಲಿ ಇನ್ನೊಂದು ಮಾತಿದೆ. ಅದು ಟೂ ಸ್ಟ್ರೋಕ್ ಗಾಡಿ. ನಾವು ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತೇವೆ. ಪೆಟ್ರೋಲು ಕಡಿಮೆ ಹೋದರೆ ಆಯಿಲ್ ಕೂಡ ಕಡಿಮೆ ಹೋಗುತ್ತದೆ. ಎಂಜಿನ್ ಕಾಯುತ್ತದೆ, ಒಣಗುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮಾವನ ಗಾಡಿಗೆ ಆದದ್ದು ಇದೇ. ಹೀಗೆ ಜಾಮ್ ಆದ ಕೂಡಲೇ ಕ್ಲಚ್ ಹಿಡಿಯಬೇಕು. ಆಗ ಗಾಲಿ ಬಿಡುತ್ತದೆ, ಗಾಡಿ ಜಾರುವುದಿಲ್ಲ. ಇದನ್ನು ಮನೆಯ ಹುಡುಗರಿಗೂ ಹೇಳಿ.

ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡ ಹುಡುಗರು ಇದನ್ನು ಗಮನಿಸಬೇಕು. ಆ ಗಾಡಿ 1985ರಿಂದ 1996ರವರೆಗೆ ತಯಾರಾಯಿತು. ಅದರ ಕಾರ್ಬೇಟರ್ ಬಾಯಿ 20 ಮಿಲಿಮೀಟರ್. ಅದಕ್ಕೆ 26, 28ರದ್ದು ಹಾಕಿ, ಏರ್ ಫಿಲ್ಟರನ್ನೂ ಕಿತ್ತು ಬಿಸಾಡುತ್ತಾರೆ. ಸದ್ದು ಜೋರಾಗುತ್ತದೆ, ನಿಜ. ನಮ್ಮ ಹೊಲದ ದಾರಿಯ ಧೂಳು ನೇರ ಸಿಲಿಂಡರ್ ಒಳಗೆ ಹೋಗುತ್ತದೆ, ಅದೂ ನಿಜ. ಓಟದ ಪಂದ್ಯಕ್ಕೆ ಗಾಡಿ ಕಟ್ಟುವವರು ದೊಡ್ಡ ಕಾರ್ಬೇಟರ್ ಜೊತೆಗೆ ಎಂಜಿನ್ ಒಳಗಿನ ದಾರಿ, ಸೈಲೆನ್ಸರ್, ಜೆಟ್ ಎಲ್ಲವನ್ನೂ ಬದಲಿಸುತ್ತಾರೆ. ಗೊಬ್ಬರದ ಚೀಲ ತರುವ ಗಾಡಿಗೆ ಅದು ಯಾಕೆ?

ಹಾಗಾದರೆ ಬದಲಿಸಲೇಬಾರದೇ?

ಬದಲಿಸಬಹುದು. ಯೆಜ್ಡಿಯವರು ಎಷ್ಟೋ ಜನ ಬದಲಿಸಿದ್ದಾರೆ. ಜಾವಾ ಗಾಡಿಗಳು ನಮ್ಮ ಮೈಸೂರಿನಲ್ಲೇ 1961ರಿಂದ ತಯಾರಾದವು. ಆಮೇಲೆ ಯೆಜ್ಡಿ ಎಂಬ ಹೆಸರು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯ ಗಾಡಿಗಳಲ್ಲಿ ಜೆಕ್ ದೇಶದ ಜಿಕೋವ್ ನಮೂನೆಯ ಕಾರ್ಬೇಟರ್ ಇತ್ತು. ಒಳಗೆ ಮೇಲೆ ಕೆಳಗೆ ಆಡುವ ಸ್ಲೈಡ್ ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಆ ಸಂದಿಯಲ್ಲಿ ಕಳ್ಳಗಾಳಿ ನುಗ್ಗುತ್ತದೆ. ಆಗ ಎಷ್ಟು ತೊಳೆದರೂ, ಎಷ್ಟು ಸ್ಕ್ರೂ ತಿರುವಿದರೂ ಗಾಡಿ ಒಂದೇ ಸಮ ನಿಲ್ಲುವುದಿಲ್ಲ. ಅಂಥವರು ಮಿಕುನಿ ನಮೂನೆಯ ಕಾರ್ಬೇಟರ್ ಹಾಕಿಸುತ್ತಾರೆ. ಅದಕ್ಕೆ ಜೆಟ್‌ಗಳು ಸುಲಭವಾಗಿ ಸಿಗುತ್ತವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಮಾಡುತ್ತಾರೆ. ಅಲ್ಲಿ ಸೇರಿದವರು ಇದೇ ಮಾತು ಗಂಟೆಗಟ್ಟಲೆ ಆಡುತ್ತಾರೆ!

ಆದರೆ ಮೊದಲು ಹಳೆಯದನ್ನು ತೊಳೆದು ನೋಡಿ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ಆರಿದ ಮೇಲೆ ಬಿಚ್ಚಿ. ಹತ್ತಿರ ಬೀಡಿ, ಬೆಂಕಿ ಬೇಡ. ಜೆಟ್ ತೂತಿಗೆ ತಂತಿ ಚುಚ್ಚಬಾರದು. ತೂತು ದೊಡ್ಡದಾದರೆ ಅಳತೆ ಕೆಟ್ಟಿತು. ಪಂಪಿನ ಗಾಳಿ ಹಿಡಿದರೆ ಸಾಕು. ಪಕ್ಕದ ಸಣ್ಣ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಮುಚ್ಚಿ, ಎಷ್ಟು ಸುತ್ತು ಬಂತು ಎಂದು ಎಣಿಸಿ ಬರೆದುಕೊಳ್ಳಿ. ಜೋಡಿಸುವಾಗ ಅಷ್ಟೇ ಸುತ್ತು ಬಿಚ್ಚಬೇಕು. ಏರ್ ಫಿಲ್ಟರ್ ತುಂಬಿದ್ದರೂ ಗಾಡಿ ಪೆಟ್ರೋಲು ಕುಡಿಯುತ್ತದೆ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ, ಹೊಸದರ ಖರ್ಚು ಉಳಿಯುತ್ತದೆ.

ಸ್ಪ್ಲೆಂಡರ್‌ನಂಥ ಹಳೇ ಫೋರ್ ಸ್ಟ್ರೋಕ್ ಗಾಡಿ ಇದ್ದವರಿಗೆ ಕೆಲಸ ಸುಲಭ. ಅದೇ ಗಾಡಿಯ, ಅದೇ ಅಳತೆಯ ಹೊಸ ಕಾರ್ಬೇಟರ್ ಕೇಳಿ ತನ್ನಿ.

ಬೇರೆ ನಮೂನೆ ಹಾಕಿಸುವವರು ಅಂಗಡಿಯಲ್ಲಿ ನಾಚಿಕೆ ಬಿಟ್ಟು ಕೇಳಬೇಕು. ಬಾಯಿ ಎಷ್ಟು ಮಿಲಿಮೀಟರ್? ಮೇನ್ ಜೆಟ್ ನಂಬರ್ ಎಷ್ಟು? ಜೆಟ್ ಮೇಲೆ ನಂಬರ್ ಕೊರೆದಿರುತ್ತಾರೆ. ಬೆಳಕಿಗೆ ಹಿಡಿದು ನೀವೇ ಓದಿ. ಒಂದು ಕಂಪನಿಯ 100 ಇನ್ನೊಂದು ಕಂಪನಿಯ 100ಕ್ಕೆ ಸಮ ಅಲ್ಲ, ಇದು ನೆನಪಿರಲಿ. ಎಂಜಿನ್‌ಗೆ ಕೂಡುವ ಜಾಗದಲ್ಲಿ ಗ್ಯಾಸ್ಕೆಟ್ ಸರಿಯಾಗಿ ಕೂರಬೇಕು. ರೇಸ್ ಕೇಬಲ್ ಉದ್ದ ಸಾಲಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆದು ತಾನೇ ರೇಸ್ ಏರಬಾರದು.

ಹಾಕಿಸಿದ ದಿನ ದೂರ ಹೋಗಬೇಡಿ. ನಾಲ್ಕಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಗಾಡಿ ಆರಿದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಇಟ್ಟಂಗಿಯ ಹಾಗೆ ಕಂದು ಬಣ್ಣ ಇದ್ದರೆ ಅಳತೆ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು. ಸುಣ್ಣದ ಹಾಗೆ ಬಿಳುಪು ಇದ್ದರೆ ಪೆಟ್ರೋಲು ಕಡಿಮೆ, ಎಂಜಿನ್ ಕಾಯುತ್ತಿದೆ. ಆಗ ಮುಂದೆ ಓಡಿಸಬೇಡಿ. ಕಪ್ಪು ಬಂದರೆ ರೊಕ್ಕ ಹೋಗುತ್ತದೆ, ಬಿಳುಪು ಬಂದರೆ ಪಿಸ್ಟನ್ನೇ ಹೋಗುತ್ತದೆ.

ಈಗಿನ ಪೆಟ್ರೋಲಿನ ಮಾತು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಇದು ಕಬ್ಬು, ಮೆಕ್ಕೆಜೋಳ, ಅಕ್ಕಿ ನುಚ್ಚಿನಿಂದ ತೆಗೆಯುವ ಒಂದು ಬಗೆಯ ಸ್ಪಿರಿಟ್. ನೂರು ಭಾಗದಲ್ಲಿ 20 ಭಾಗ ಎಥೆನಾಲ್ ಇರುವ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ತುಂಬಾ ಬಂತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೇ ಗಾಡಿಗಳ ರಬ್ಬರ್ ವಾಷರ್, ಪೈಪು ಅದಕ್ಕೆ ಬೇಗ ಮೆತ್ತಗಾಗುತ್ತವೆ, ಸೀಳುತ್ತವೆ. ಅದು ಉರಿಯಲು ಗಾಳಿಯೂ ಕಡಿಮೆ ಸಾಕು. ಹೀಗಾಗಿ ಹಳೇ ಜೆಟ್ಟಿನಲ್ಲಿ ಪ್ಲಗ್ ಸ್ವಲ್ಪ ಬಿಳುಪಿನ ಕಡೆಗೆ ಹೋಗುತ್ತದೆ. ಅದಕ್ಕೇ ಕಾರ್ಬೇಟರ್ ಬಿಚ್ಚಿದಾಗ ರಬ್ಬರ್ ಸಾಮಾನನ್ನೂ ಬದಲಿಸಿಬಿಡಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಬಟ್ಟಲಿನ ಪೆಟ್ರೋಲು ಖಾಲಿ ಮಾಡಿ.

2020ರ ಏಪ್ರಿಲ್‌ನಿಂದ ಹೊಗೆಯ ಕಾನೂನು ಬಿಗಿ ಆಯಿತು. ಆಮೇಲೆ ಬಂದ ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲಿನ ಅಳತೆಯನ್ನು ಅಲ್ಲಿ ಒಂದು ಸಣ್ಣ ಕಂಪ್ಯೂಟರ್ ನೋಡಿಕೊಳ್ಳುತ್ತದೆ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿ ಬಂತು. ಅದರಲ್ಲೂ ಕಾರ್ಬೇಟರ್ ಇಲ್ಲ. ಮಾವನಿಗೆ ಇದನ್ನು ಹೇಳಿದರೆ, "ಹಂಗಾದ್ರ ದಾರ್‍ಯಾಗ ನಿಂತರ ಏನು ಬಿಚ್ಚಿ ನೋಡಬೇಕಪ್ಪಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾವನ ಗಾಡಿ ಈಗ ಹೇಗಿದೆ? ಬೋರ್ ಆದ ಮೇಲೆ ರಾಯಚೂರಿನಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಅವರು ಆ ದೊಡ್ಡ ಕಾರ್ಬೇಟರ್ ತೆಗೆದು, ಗಾಡಿಗೆ ಹೊಂದುವ ಅಳತೆಯದು ಹಾಕಿದರು. ಒಂದೇ ದಿನದಲ್ಲಿ ಮೂರು ಸಲ ಜೆಟ್ ಬದಲಿಸಿದರು. ಮೂರು ಸಲ ಪ್ಲಗ್ ಬಿಚ್ಚಿ ಮಾವನ ಕೈಗೇ ಕೊಟ್ಟು, "ನೀವೇ ನೋಡ್ರಿ ಯಜಮಾನ್ರ" ಎಂದರು. ಮೂರನೇ ಸಲ ಇಟ್ಟಂಗಿ ಬಣ್ಣ ಬಂತು. ಆ ಜೆಟ್ಟಿನ ನಂಬರನ್ನು ಮಾವ ಗಾಡಿಯ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದಿದ್ದಾರೆ. ಪೆಟ್ರೋಲು ಹಾಕಿಸಿದಾಗಲೆಲ್ಲ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ಹೋದ ತಿಂಗಳ ಲೆಕ್ಕ ಲೀಟರಿಗೆ 29. ಅತ್ತೆ ಮಾತ್ರ ಇನ್ನೂ ಬಸ್ಸಿಗೇ ಹೋಗುತ್ತಾರೆ.