ವೈದ್ಯರು ಹೇಳಿದ “ಇರಬಹುದು”

ರೋಗಕ್ಕೆ ಹೆಸರು ದೊರೆತರೆ ಅರ್ಧ ಸಮಾಧಾನ ದೊರೆತಂತೆಯೇ ಎಂದು ಲೋಕದ ಜನರು ನಂಬಿರುವರು. ನಾವೂ ಹಾಗೆಯೇ ನಂಬಿದ್ದೆವು. ಕಳೆದ ವರ್ಷ ಬೀದರ ನಗರದ ಮನೋವೈದ್ಯರೊಬ್ಬರು ನಮ್ಮ ತಮ್ಮನ ಮಗಳನ್ನು ಮೂರು ಸಲ ಬಹಳ ಹೊತ್ತು ಮಾತನಾಡಿಸಿ, “ಇದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇರಬಹುದು, ನಿಶ್ಚಯವಾಗಿ ಹೇಳಲು ಇನ್ನೂ ಕೆಲವು ಕಾಲ ನೋಡಬೇಕು” ಎಂದಾಗ, ಹೆಸರೂ ದೊರೆಯಿತು, ಇದ್ದ ಸಮಾಧಾನವೂ ಹೋಯಿತು. ಆ “ಇರಬಹುದು” ಎಂಬ ಮಾತಿನೊಡನೆ ನಮ್ಮ ಮನೆ ಹೇಗೆ ಬಾಳುತ್ತಿರುವುದೆಂಬುದನ್ನು, ಹುಡುಗಿಯ ಅನುಮತಿಯನ್ನು ಪಡೆದೇ, ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ಹುಡುಗಿಯ ತಂದೆ ಔರಾದ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿರುವವನು. ಭಾಲ್ಕಿಯಲ್ಲಿ ನಾವು ಉಪಾಧ್ಯಾಯರಾಗಿದ್ದಾಗ ಅವಳು ವಿದ್ಯಾಭ್ಯಾಸಕ್ಕೆಂದು ನಮ್ಮ ಮನೆಗೆ ಬಂದು, ಮನೆಯ ಮಗಳಾಗಿಯೇ ಉಳಿದಳು. ಬುದ್ಧಿವಂತೆ. ಆದರೆ ಬೆಳಗ್ಗೆ ಒಬ್ಬ ಗೆಳತಿಯನ್ನು ದೇವತೆಯೆಂದು ಹೊಗಳುವಳು. ಅದೇ ಗೆಳತಿ ಮಧ್ಯಾಹ್ನ ಫೋನಿಗೆ ಉತ್ತರ ಕೊಡದಿದ್ದರೆ ಸಂಜೆಗೆ ಅವಳೇ ಪರಮಶತ್ರು. ನಾವು ಪೇಟೆಯಿಂದ ಬರುವುದು ಅರ್ಧ ಗಂಟೆ ತಡವಾದರೆ ತನ್ನನ್ನು ತೊರೆದುಬಿಟ್ಟರೆಂದು ಗೋಳಾಡುವಳು. ಬಂದ ಮೇಲೆ ಏತಕ್ಕೆ ಬಂದಿರೆಂದು ಕಾದಾಡುವಳು. ಒಂದು ದಿನ ಅವಳು ತನ್ನ ತೋಳಿನ ಮೇಲೆ ತಾನೇ ಮಾಡಿಕೊಂಡ ಗಾಯಗಳನ್ನು ನಮ್ಮ ಮನೆಯವರು ಕಂಡರು.

ಆಗ ನಾವು ಮಾಡಿದ್ದೇನು? “ನಾಟಕ” ಎಂದೆವು. ಎಷ್ಟೋ ವರ್ಷ ಸಂಸ್ಕೃತ ಕಲಿಸಿದ ಗರ್ವದಿಂದ “ಚಂಚಲೆ” ಎಂದು ಹೆಸರನ್ನೂ ಇಟ್ಟೆವು. ನಾಲ್ಕು ಜನರ ಮುಂದೆ ಹಾಗೆಯೇ ಕರೆದೆವು. ಬೀದರಿಗೆ ಕರೆದುಕೊಂಡು ಹೋಗಿ ಝರಣಿ ನರಸಿಂಹನ ಗುಹೆಯ ನೀರಿನಲ್ಲಿ ನಡೆಯಿಸಿ ಹರಕೆ ಹೊತ್ತೆವು. ಮದುವೆ ಮಾಡಿದರೆ ಎಲ್ಲವೂ ಸರಿಹೋಗುವುದೆಂದು ಬಂಧುಗಳು ಗಂಡನ್ನೂ ಗೊತ್ತುಮಾಡಿದ್ದರು. ಅವಳ ತಾಯಿ, ಓದುಬರಹ ಬಾರದವಳು, “ನೊಂದ ಹುಡುಗಿಯನ್ನು ಇನ್ನೊಬ್ಬರ ಮನೆಗೆ ದಾಟಿಸುವುದು ಮದ್ದಲ್ಲ” ಎಂದು ಹಟ ಹಿಡಿದಳು. ಆ ಮಾತಿನಿಂದಲೇ ನಾವು ವೈದ್ಯರ ಬಳಿಗೆ ಹೋದದ್ದು.

ಮನೆಗೆ ಬಂದ ಮೇಲೆ ಹುಡುಗಿ ಆ ಹೆಸರಿಗೆ ಕನ್ನಡವನ್ನು ಹುಡುಕಿದಳು. “ವ್ಯಕ್ತಿತ್ವದ ವಿಕಾರ” ಎಂದು ಎಲ್ಲಿಯೋ ದೊರೆಯಿತಂತೆ. “ನಾನು ವಿಕಾರವೇ?” ಎಂದು ಅತ್ತಳು. ನಾವು ಪಾಂಡಿತ್ಯದಿಂದ ಸಂತೈಸಲು ಹೊರಟೆವು: ಕನ್ನಡದಲ್ಲಿ ವಿಕಾರವೆಂದರೆ ಕುರೂಪವಾದರೂ ಸಂಸ್ಕೃತದಲ್ಲಿ ಬದಲಾವಣೆಯೆಂದಷ್ಟೇ ಅರ್ಥ, ಮೊಸರು ಹಾಲಿನ ವಿಕಾರ ಎಂದೆವು. ಅವಳು ಕಣ್ಣೊರೆಸಿಕೊಂಡು, “ಮೊಸರು ಮತ್ತೆ ಹಾಲಾಗುವುದಿಲ್ಲವಲ್ಲ, ದೊಡ್ಡಪ್ಪಾ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಕುಂಡಲವು ಚಿನ್ನದ ವಿಕಾರ, ಕರಗಿಸಿದರೆ ಮತ್ತೆ ಚಿನ್ನವೇ, ಎಂಬ ದೃಷ್ಟಾಂತವನ್ನು ಕೊಡಬೇಕಾಗಿತ್ತೆಂದು ನಡುರಾತ್ರಿಯಲ್ಲಿ ತೋಚಿತು. ತೋಚಿ ಫಲವೇನು? ಅವಳು ಕೇಳಿದ್ದು ವ್ಯಾಕರಣವನ್ನಲ್ಲ, ಗುಣವಾಗುವುದೇ ಎಂಬುದನ್ನು. ಅದನ್ನು ತಿಳಿಯಲು ನಾವೇ ಮತ್ತೆ ವಿದ್ಯಾರ್ಥಿಗಳಾದೆವು.

ಈ “ಗಡಿ” ಯಾವುದರ ಗಡಿ? 1938 ರಲ್ಲಿ ಅಮೆರಿಕೆಯ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯರು, ಅಂದಿನ ಮನೋರೋಗಗಳ ಎರಡು ದೊಡ್ಡ ವರ್ಗಗಳಲ್ಲಿ ಒಂದಕ್ಕೂ ಸರಿಹೊಂದದೆ ನಡುವೆ ನಿಂತ ರೋಗಿಗಳಿಗೆ ಈ ಮಾತನ್ನು ಬಳಸಿದರು. 1980 ರಲ್ಲಿ ಅಮೆರಿಕೆಯ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದು ರೋಗದ ಹೆಸರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣ 2022 ರಿಂದ ಜಾರಿಯಲ್ಲಿರುವುದು. ಅದರಲ್ಲಿ ತೊಂದರೆ ಎಷ್ಟು ತೀವ್ರವೆಂಬುದನ್ನು ಮೊದಲು ನೋಡಿ, ಗಡಿಯ ಮಾತನ್ನು ಲಕ್ಷಣವಾಗಿ ಆಮೇಲೆ ಸೇರಿಸುವರು. ನಮ್ಮ ಸೀಮೆಯವರಿಗೆ ಗಡಿ ಹೊಸದಲ್ಲ. 1956 ರಲ್ಲಿ ಹಳೆಯ ಬೀದರ ಜಿಲ್ಲೆ ಒಡೆದು, ಉದಗೀರ ಮುಂಬಯಿ ರಾಜ್ಯಕ್ಕೂ ಜಹೀರಾಬಾದು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಬಂದವು. ಗೆರೆಯೆಳೆದವರು ನಕ್ಷೆಯ ಮೇಲೆ ಎಳೆದರು; ಔರಾದದ ಸಂತೆಯಲ್ಲಿ ಇಂದಿಗೂ ಒಂದೇ ಬಾಯಿಂದ ಕನ್ನಡ ಮರಾಠಿಗಳೆರಡೂ ಹೊರಡುವುವು.

ವೈದ್ಯರು “ಇರಬಹುದು” ಎಂದದ್ದು ಅಂಜಿಕೆಯಿಂದಲ್ಲ. ಆ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳುಂಟು. ಐದಾದರೂ ಇರಬೇಕು, ಬಹುಕಾಲದಿಂದ ಇರಬೇಕು. ಬೈಪೋಲಾರ್ ಎಂಬ ಇನ್ನೊಂದು ರೋಗದಲ್ಲಿಯೂ ಮನಸ್ಸು ಏರಿಳಿಯುವುದು. ಆದರೆ ಅಲ್ಲಿ ಏರಿಳಿತವು ದಿನ, ವಾರಗಳ ಲೆಕ್ಕದ್ದು, ಇಲ್ಲಿ ಬಹುಮಟ್ಟಿಗೆ ಗಂಟೆಗಳ ಲೆಕ್ಕದ್ದು. ಬಾಲ್ಯದಲ್ಲಿ ತಿಂದ ಪೆಟ್ಟುಗಳು ಸಹ ಇಂಥದೇ ವೇಷವನ್ನು ಧರಿಸಬಲ್ಲುವು. ನಾವು ಒಂದೇ ಸಂಜೆಯಲ್ಲಿ ಹೆಸರಿಟ್ಟಿದ್ದೆವು. ಅವರು ಮೂರು ಭೇಟಿಗಳ ಮೇಲೆಯೂ ಕಾಯುವೆನೆಂದರು.

ಮಾರ್ಷಾ ಲೈನ್‌ಹ್ಯಾನ್ ಎಂಬ ಅಮೆರಿಕೆಯ ಮನಶ್ಶಾಸ್ತ್ರಜ್ಞೆಯ ವೃತ್ತಾಂತವನ್ನು ಹುಡುಗಿಯೇ ನಮಗೆ ಓದಿ ಹೇಳಿದಳು. 1961 ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆಕೆ ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುತ್ತ ಮಾನಸಿಕ ಆಸ್ಪತ್ರೆಗೆ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದಳು. ಮುಂದೆ ಇಂಥವರಿಗೆಂದೇ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಚಿಕಿತ್ಸೆಯನ್ನು ರೂಪಿಸಿ, 1991 ರಲ್ಲಿ ಅದರ ಪರೀಕ್ಷಾಫಲವನ್ನು ಪ್ರಕಟಿಸಿದಳು. ತಾನೇ ಆ ರೋಗವನ್ನು ಅನುಭವಿಸಿದವಳೆಂಬುದನ್ನು 2011 ರಲ್ಲಿ, ಅದೇ ಆಸ್ಪತ್ರೆಯಲ್ಲಿ ನಿಂತು ಹೇಳಿದಳು. ಈ ರೋಗಕ್ಕೆಂದೇ ಇರುವ ಗುಳಿಗೆಯಿಲ್ಲ. ಜೊತೆಗೂಡುವ ಖಿನ್ನತೆ, ನಿದ್ರಾಹೀನತೆಗಳಿಗೆ ಔಷಧ ಕೊಡುವರು. ಮುಖ್ಯವಾದದ್ದು ಮಾತಿನ ಚಿಕಿತ್ಸೆ, ಅಭ್ಯಾಸ. ಚರಕನು ಹೇಳಿದ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯ, ಎಂದರೆ ಮನಸ್ಸನ್ನು ಅಹಿತದಿಂದ ಹಿಂದೆಗೆಯುವುದು, ಒಂದೆಂಬುದು ನಮಗೆ ನೆನಪಾಯಿತು. ಎರಡೂ ಒಂದೇ ಎಂದು ನಾವು ಹೇಳೆವು. ಅಂಥ ಹಿಗ್ಗು ಪಂಡಿತರಿಗೆ ಸುಲಭವಾಗಿ ಬರುತ್ತದೆ, ರೋಗಿಗೆ ಅದರಿಂದ ಪ್ರಯೋಜನವಿಲ್ಲ.

ಪ್ರಯೋಜನವಾದದ್ದು ಬೇರೆ ಒಂದು ಲೆಕ್ಕ. ಬಾಸ್ಟನ್ನಿನ ಬಳಿಯ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ಮತ್ತು ಸಂಗಡಿಗರು ಇಂಥ 290 ರೋಗಿಗಳನ್ನು ಹತ್ತು ವರ್ಷ ಬಿಡದೆ ನೋಡಿ 2010 ರಲ್ಲಿ ವರದಿ ಮಾಡಿದರು. ನೂರಕ್ಕೆ 93 ಮಂದಿಯಲ್ಲಿ ಲಕ್ಷಣಗಳು ತಗ್ಗಿ, ಎರಡು ವರ್ಷಗಳಾದರೂ ಹಾಗೆಯೇ ಉಳಿದಿದ್ದುವು. ಉದ್ಯೋಗ, ಸ್ನೇಹಗಳೊಡನೆ ಪೂರ್ಣವಾಗಿ ಚೇತರಿಸಿಕೊಂಡವರು ಅರ್ಧದಷ್ಟೇ. ಎರಡು ಲೆಕ್ಕಗಳನ್ನೂ ಅವಳಿಗೆ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅರ್ಧವಾದರೂ ಉಂಟು” ಎಂದಳು.

ಚಿಕಿತ್ಸೆಯ ಆ ಪೂರ್ಣಕ್ರಮ ನಮಗೆ ಸಮೀಪದಲ್ಲಿ ದೊರೆಯಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ದೂರ. ಬೀದರಿನ ವೈದ್ಯರು ಕಲಿಸಿದ ಕೆಲವು ಅಭ್ಯಾಸಗಳನ್ನು ಮನೆಯಲ್ಲಿ ನಡೆಯಿಸುತ್ತಿರುವೆವು: ಉದ್ವೇಗ ಏರಿದಾಗ ತಣ್ಣೀರಿನಿಂದ ಮುಖ ತೊಳೆಯುವುದು, ಉಸಿರನ್ನು ಎಣಿಸುವುದು, ಆ ಗಳಿಗೆಯನ್ನು ದಾಟಿಸುವುದು. ಪ್ರತಿ ಭೇಟಿಯ ಬಳಿಕ ಮಹಮೂದ್ ಗವಾನನ ಮದರಸದ ಮುಂದೆ ಸ್ವಲ್ಪ ಹೊತ್ತು ಕೂಡುವೆವು. 1481 ರಲ್ಲಿ ಸುಲ್ತಾನನು ಒಂದು ಕೃತ್ರಿಮ ಪತ್ರವನ್ನು ನಂಬಿ, ಕೋಪದಲ್ಲಿ ಆ ಮಂತ್ರಿಯನ್ನೇ ಕೊಲ್ಲಿಸಿದನಷ್ಟೆ. “ಆತ ಮುಖ ತೊಳೆದುಕೊಳ್ಳಬೇಕಾಗಿತ್ತು” ಎಂದು ಹುಡುಗಿ ನಕ್ಕಳು.

ನಮಗೂ ಪಾಠಗಳಾದುವು. ತಡವಾದರೆ ಮೊದಲೇ ತಿಳಿಸುತ್ತೇವೆ. ಅವಳ ದುಃಖ ಸುಳ್ಳೆನ್ನುವುದಿಲ್ಲ. ಆದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದೂ ಇಲ್ಲ. ಪ್ರಾಣದ ಮಾತು ಬಂದಾಗ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ನೇರವಾಗಿ ಕೇಳಿ, ಒಬ್ಬಳನ್ನೇ ಬಿಡದೆ ವೈದ್ಯರಿಗೆ ತಿಳಿಸುತ್ತೇವೆ. 14416 ಎಂಬ ಟೆಲಿ ಮನಸ್ ಸಂಖ್ಯೆ 2022 ರಿಂದ ಹಗಲಿರುಳೂ ಇರುವುದು, ಕನ್ನಡದಲ್ಲಿಯೂ ಮಾತನಾಡುವರು; ಅದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ. ಪೊಲೀಸರ ಭಯದಿಂದ ಮುಚ್ಚಿಡುವ ಗೃಹಸ್ಥರು ಒಂದನ್ನು ತಿಳಿಯಬೇಕು: 2017 ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಪ್ರಾಣಕ್ಕೆ ಯತ್ನಿಸಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು, ದಂಡಿಸತಕ್ಕದ್ದಲ್ಲ.

ಈ ಬರಹವನ್ನು ಅವಳು ಓದಿ, “ಪಾಪ” ಎಂದಿದ್ದ ಎರಡು ಕಡೆಗಳಲ್ಲಿ ಗೆರೆಯೆಳೆದಳು. “ಚಂಚಲೆ” ಎಂಬುದನ್ನು ಮಾತ್ರ ಅಳಿಸಕೂಡದೆಂದಳು. ಬರುವ ಮಂಗಳವಾರ ಬೀದರಿನ ವೈದ್ಯರ ಬಳಿಗೆ ಒಬ್ಬಳೇ ಹೋಗುವಳಂತೆ. ಭಾಲ್ಕಿಯ ಬಸ್ ನಿಲ್ದಾಣದವರೆಗೆ ನಾವು ಬರಬಹುದಂತೆ.