ಬೈಕರ್ ಬೂಟಿಗೆ ಸಾವನದುರ್ಗದ ಪರೀಕ್ಷೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಶೋಲೆಯ ಬಂಡೆ ನೋಡಲು ರಾಮನಗರಕ್ಕೋ, ಬೊಂಬೆ ಕೊಳ್ಳಲು ಚನ್ನಪಟ್ಟಣಕ್ಕೋ ಬುಲೆಟ್ ಏರಿ ಹೊರಟ ಹೆಣ್ಣುಮಕ್ಕಳಿಗೆ ಸರ್ವಿಸ್ ರಸ್ತೆಯೇ ಗತಿ. ಹಂಪ್ಸು, ಎದುರು ನುಗ್ಗುವ ಆಟೊ, ಅಡ್ಡ ಬರುವ ದನ, ಹೆಜ್ಜೆಹೆಜ್ಜೆಗೂ ಕಾಲೂರಬೇಕು. ಬೂಟು ಕೊಳ್ಳುವಾಗ ಅಂಗಡಿಯ ಕನ್ನಡಿಗಿಂತ ಇದು ನೆನಪಿರಲಿ.

ದಪ್ಪ ಅಟ್ಟೆ, ಮೇಲೊಂದು ಪಟ್ಟಿ, ಬಕಲ್: ಈ ಚೆಂದ ಬಂದದ್ದು ಅಮೆರಿಕದ ಕಾರ್ಮಿಕರ ‘ಎಂಜಿನಿಯರ್ ಬೂಟಿ’ನಿಂದ. 1953ರ ‘ದಿ ವೈಲ್ಡ್ ಒನ್’ ಚಿತ್ರದ ನಂತರ ಬೈಕರ್ ವೇಷ ಫ್ಯಾಷನ್ ಆಯಿತು. ಲೇಸ್ ಇಲ್ಲದ್ದರಿಂದ ಗೇರಿಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಈಗಿನ ಎಷ್ಟೋ ಬೂಟುಗಳಲ್ಲಿ ಬಕಲ್ ಬರೀ ಅಲಂಕಾರ, ಬಿಚ್ಚಲು ಒಳಬದಿಯಲ್ಲಿ ಜಿಪ್. ಇರಲಿ, ಅಲಂಕಾರ ತಪ್ಪಲ್ಲ. ಬಕಲ್ ಹೊರಬದಿಗಿದ್ದರಾಯಿತು; ಒಳಗಿದ್ದರೆ ಬೈಕಿನ ಬಣ್ಣ ಕೆರೆಯುತ್ತದೆ.

ಎಡಬೂಟಿನ ಮೂತಿಯನ್ನು ಮುಟ್ಟಿ ನೋಡಿ. ತೀರಾ ದಪ್ಪಗಿದ್ದರೆ ಗೇರ್ ಲಿವರಿನಡಿ ತೂರುವುದಿಲ್ಲ, ಒಂದರಿಂದ ಎರಡಕ್ಕೆ ಹಾಕಲು ಇಡೀ ಕಾಲನ್ನೇ ಎತ್ತಬೇಕು. ಲಿವರ್ ಉಜ್ಜಿ ಉಜ್ಜಿ ಅಲ್ಲೇ ಚರ್ಮ ಸವೆಯುತ್ತದೆ; ಅಸಲಿ ರೈಡಿಂಗ್ ಬೂಟಿನಲ್ಲಿ ಆ ಜಾಗಕ್ಕೆ ಇನ್ನೊಂದು ಪದರ ಹೊಲಿದಿರುತ್ತಾರೆ. ಕಾದ ಸೈಲೆನ್ಸರ್ ತಾಗಿದರೆ ರೆಕ್ಸಿನ್ ಕರಗಿ ಅಂಟೀತು, ಚರ್ಮ ತಡೆದುಕೊಳ್ಳುತ್ತದೆ.

ಮಾಗಡಿ ಕಡೆ ಹೋದವರು ಸಾವನದುರ್ಗ ಹತ್ತದೆ ಬರುವುದುಂಟೇ? ಆ ಬೋಳು ಬಂಡೆಯ ಮೇಲೆ ನುಣುಪು ಅಟ್ಟೆಯ ಬೂಟು ಜಾರುಬಂಡೆಯಾಟವೇ ಸರಿ. ಗೀರುಗಳುಳ್ಳ ರಬ್ಬರ್ ಅಟ್ಟೆ, ಒಂದಿಂಚು ಮೀರದ ಅಗಲ ಹಿಮ್ಮಡಿ ಸಾಕು. ಕನಕಪುರದಾಚೆ ಸಂಗಮದ ಮರಳು, ನೀರಿಗೆ ಸ್ವೀಡ್ ಚರ್ಮ ತರುವುದೇ ಬೇಡ.

ಅಳತೆಯದು ಇನ್ನೊಂದು ತಲೆನೋವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದ ಅಳೆದು, ನಮ್ಮದು ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂದು ಕಂಡುಕೊಂಡು ‘ಭಾ’ ಎಂಬ ದೇಶೀ ಅಳತೆಯನ್ನೇ ಸೂಚಿಸಿದೆ. ಆದ್ದರಿಂದ ನಂಬರ್ ನಂಬಬೇಡಿ. ಪಾದ ತುಸು ಊದಿರುವ ಸಂಜೆ ಹೊತ್ತಿನಲ್ಲಿ, ದಪ್ಪ ಸಾಕ್ಸ್ ಹಾಕಿ, ನಡೆದು ನೋಡಿ. ಬೆರಳು ಅದುಮಿದರೆ ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಮೇಡಂ’ ಎಂಬ ಮಾತಿಗೆ ಮರುಳಾಗಬೇಡಿ.

ಜೀನ್ಸಿಗೆ ಒಪ್ಪುವ ಬೂಟು ಕೈಮಗ್ಗದ ಕುರ್ತಾಕ್ಕೂ ಒಪ್ಪುತ್ತದೆ, ನನ್ನ ಕಣ್ಣಿಗಂತೂ ಇನ್ನೂ ಚೆನ್ನ.

ನೋಟಕ್ಕೆ ಬೈಕರ್ ಆದದ್ದೆಲ್ಲ ಬಿದ್ದಾಗ ಕಾಯುವುದಿಲ್ಲ. ಪಾದದ ಗಂಟು ಮುಚ್ಚುವ, ‘ಇಎನ್ 13634’ ಗುರುತಿನ ಬೂಟು ಉಜ್ಜುವಿಕೆ, ಜಜ್ಜುವಿಕೆಯ ಪರೀಕ್ಷೆ ಗೆದ್ದದ್ದು. ಊರೊಳಗಿನ ಸ್ಕೂಟರಿಗೆ ಫ್ಯಾಷನ್ ಬೂಟು ಸಾಕು. ಪ್ರತಿ ವಾರಾಂತ್ಯ ಬುಲೆಟ್ ಏರುವವರಿಗೆ ಗುರುತಿನದೇ ಬೇಕು. ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಐಎಸ್‌ಐ ಹೆಲ್ಮೆಟ್ ಕೊಳ್ಳಿ, ಬೂಟು ದೀಪಾವಳಿಗಾಗಲಿ.